ಹಿಂದಿನ ಸಾಲಿಗೆ ಹೋಗದ ನೀರು

ನಲ್ಲಿ ಕೆಲಸ ಮಾಡುತ್ತಿದ್ದ ಅವರನ್ನು ಬೀದಿಯವರೆಲ್ಲ ಹನಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಅವರು ಕೂಡಿಸಿದ ಜಾಯಿಂಟಿನಿಂದ ಒಂದೇ ಒಂದು ಹನಿ ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ, ಅದಕ್ಕೇ ಆ ಹೆಸರು. ಕೆಲಸ ಮುಗಿದರೆ ಸುಮ್ಮನೆ ಚೀಲ ಎತ್ತಿಕೊಂಡು ಹೊರಡುವ ಆಸಾಮಿಯಲ್ಲ. ಜಾಯಿಂಟಿನ ಕೆಳಗೆ ಒಣ ಕಾಗದ ಹಾಸಿ, ಮನೆಮಂದಿಯನ್ನೆಲ್ಲ ಕರೆದು ನಿಲ್ಲಿಸಿ, ಇದರ ಮೇಲೆ ಒಂದು ಚುಕ್ಕೆ ಬಿದ್ದರೂ ಕೂಲಿ ಬೇಡ ಎಂದು ಸವಾಲು ಹಾಕುತ್ತಿದ್ದರು. ಚುಕ್ಕೆ ಬೀಳುತ್ತಿರಲಿಲ್ಲ. ಮೇಸ್ತ್ರಿ ಮೀಸೆ ತಿರುವಿಕೊಂಡು ಮನೆಗೆ ಬರುತ್ತಿದ್ದರು.

ಗುಟ್ಟು ಅವರ ವಾಷರಿನಲ್ಲಿತ್ತು. ಅಂಗಡಿಯ ವಾಷರ್ ಎಂದರೆ ಅವರಿಗೆ ಮೈಯೆಲ್ಲ ಉರಿ. ಹಳೇ ಟೈರಿನ ಟ್ಯೂಬನ್ನು ತಾವೇ ಕತ್ತರಿಸಿ, ನಡುವಿನ ತೂತನ್ನು ಬೇಕಾದ್ದಕ್ಕಿಂತ ಚಿಕ್ಕದು ಮಾಡಿ, ಒಂದು ಸಾಲದೆಂದು ಎರಡು ಕೂರಿಸಿ, ತಿರುಪಿನ ಗೆರೆಗಳಿರುವ ಮರೆಯ ಮೇಲೆ ಬಿಳಿ ಟೇಪನ್ನು ದಂಡಿಯಾಗಿ ಸುತ್ತಿ, ಸ್ಪ್ಯಾನರ್ ಹಾಕಿ ಹಲ್ಲು ಕಚ್ಚಿ ಬಿಗಿಯುತ್ತಿದ್ದರು. ಅಪರೂಪಕ್ಕೆ ಯಾವಳೋ ಮನೆಯಾಕೆ, “ನೀರು ಸಣ್ಣಗೆ ಬರುತ್ತೆ ಮೇಸ್ತ್ರಿ” ಅಂದರೆ, “ಸೋರುತ್ತಾ?” ಎಂದು ಕೇಳುತ್ತಿದ್ದರು. “ಇಲ್ಲ.” “ಮತ್ತೇನಮ್ಮ ನಿಮ್ಮ ಗೋಳು?” ಅಲ್ಲಿಗೆ ಮಾತು ಮುಗಿಯಿತು. ಎರಡನೇ ಸಲ ಕೇಳಿದ ಮನೆಯ ಕಡೆ ಅವರು ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಸಿಟ್ಟು ಬಂದರೆ ಕೂಗಾಡುವವರನ್ನು ಹೇಗೋ ಸಂಭಾಳಿಸಬಹುದು, ಮಾತು ಬಿಡುವವರ ಜೊತೆ ಬಾಳುವುದು ಕಷ್ಟ. ಈ ಮನುಷ್ಯ ಎರಡನೇ ಜಾತಿ.

ಮಂಡಿ ಕೈಕೊಟ್ಟ ಮೇಲೆ ಅವರು ಮನೆ ಹಿಡಿದರು. ಮನೆಯ ಪಕ್ಕಕ್ಕೂ ಹಿಂದಕ್ಕೂ ಇದ್ದ ಖಾಲಿ ಜಾಗದಲ್ಲಿ ಮಗಳು ಸಸಿ ಬೆಳೆಸುತ್ತಿದ್ದಳು. ಟ್ರೇಗಳಲ್ಲಿ ಬೀಜ ಹಾಕಿ, ಮೊಳೆಸಿ, ಒಂದು ಗೇಣು ಮಾಡಿ ತೋಟದವರಿಗೆ ಕೊಡುವುದು ಅವಳ ಕಸುಬು. ಮುಂದಿನ ಸಾಲುಗಳಿಗೆ ನಲ್ಲಿಗೆ ಸಿಕ್ಕಿಸಿದ ಒಂದು ತುಂಡು ಪೈಪು ಸಾಕಾಗುತ್ತಿತ್ತು. ಹಿತ್ತಲ ಗೋಡೆಯ ಬುಡದ ಸಾಲಿಗೆ ಅದು ಎಟುಕದೆಂದು ಮೇಸ್ತ್ರಿಯೇ, ತಾವು ಕೆಲಸ ಮಾಡಿದ ಮನೆಗಳಲ್ಲಿ ಮಿಕ್ಕ ತುಂಡುಗಳನ್ನೆಲ್ಲ ಹಿತ್ತಾಳೆಯ ಕಪ್ಲಿಂಗ್ ಹಾಕಿ ಕೂಡಿಸಿ, ಒಂದು ಉದ್ದನೆಯ ಪೈಪು ಮಾಡಿಕೊಟ್ಟಿದ್ದರು. ಪೈಪಿಗಿಂತ ಜಾಯಿಂಟೇ ಜಾಸ್ತಿ ಎಂದು ಹೆಂಡತಿ ನಕ್ಕಿದ್ದಳು. “ಒಂದರಲ್ಲಾದ್ರೂ ಹನಿ ತೋರಿಸು ನೋಡೋಣ” ಎಂದು ಅವರು ಅವಳ ಬಾಯಿ ಮುಚ್ಚಿಸಿದ್ದರು.

ಆ ಬೆಳಿಗ್ಗೆ ಮಗಳಿಗೆ ಎಡಗೈ ಎತ್ತಲಾಗಲಿಲ್ಲ. ಭುಜ ಹಿಡಿದುಕೊಂಡು ರಾತ್ರಿಯೆಲ್ಲ ನರಳಿದ್ದಳು. ತಾಯಿ ಅವಳನ್ನು ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟರೆ, ಹುಡುಗಿ ಬಾಗಿಲಲ್ಲೇ ನಿಂತು ಹಿತ್ತಲ ಕಡೆ ನೋಡುತ್ತಿದ್ದಳು. ಗೋಡೆಯ ಬುಡದಲ್ಲಿ ಇದ್ದದ್ದು ಅವಳ ಮೆಣಸಿನಕಾಯಿ ಸಸಿಗಳು. ಹಿಂದೊಂದು ವರ್ಷ ಎಲೆ ಮುದುರುವ ರೋಗ ಬಂದು ಗಿಡಗಳೆಲ್ಲ ಹೋದಾಗ, ಒಂದೇ ಒಂದು ಗಿಡ ಜಪ್ಪಯ್ಯ ಅನ್ನದೆ ನಿಂತಿತ್ತು. ಅದರ ಬೀಜ ಹಿಡಿದು, ಬೆಳೆಸಿ, ಮತ್ತೆ ಬೀಜ ಹಿಡಿದು, ಈ ಸಲ ಇದ್ದದ್ದನ್ನೆಲ್ಲ ಬಿತ್ತಿಬಿಟ್ಟಿದ್ದಳು. ಡಬ್ಬಿಯಲ್ಲಿ ಒಂದು ಕಾಳೂ ಉಳಿದಿರಲಿಲ್ಲ. ಈ ಸಸಿಗಳು ಹೋದರೆ ಅವಳ ಇಷ್ಟು ವರ್ಷದ ಪಾಡು ಅಲ್ಲಿಗೇ ಮಣ್ಣುಪಾಲು.

“ಅಪ್ಪ, ಮುಂದಿನ ಸಾಲಿಗೆ ಮಾತ್ರ ನೀರು ಹಾಕಿ. ಹಿಂದಿನದು ಬಿಡಿ, ನಾನು ಬಂದು ನೋಡ್ಕೋತೀನಿ.”

“ಯಾಕೆ? ಪೈಪು ಹಿಡ್ಕೊಂಡು ನಿಲ್ಲೋದಕ್ಕೂ ನನ್ನ ಕೈಲಿ ಆಗಲ್ವಾ?”

“ಅದಲ್ಲ ಅಪ್ಪ...”

“ಹೋಗಿ ಬಾ ಮೊದಲು. ಒಂದು ಕೈಲಿ ನೀನೇನು ನೋಡ್ಕೋತೀಯ?”

ಅವಳು ಇನ್ನೇನೋ ಹೇಳಲು ಬಾಯಿ ತೆರೆದು, ತಂದೆಯ ಮುಖ ನೋಡಿ, ಸುಮ್ಮನೆ ತಾಯಿಯ ಹಿಂದೆ ನಡೆದಳು.

ಬೆಳಿಗ್ಗೆಯೇ ಬಿಸಿಗಾಳಿ ಎದ್ದಿತ್ತು. ಮೇಸ್ತ್ರಿ ಮುಂದಿನ ಸಾಲುಗಳನ್ನು ಮುಗಿಸಿ ಹಿತ್ತಲಿಗೆ ಹೋಗಿ ನೋಡಿದರು. ಮೆಣಸಿನ ಸಸಿಗಳು ಆಗಲೇ ತಲೆ ಬಗ್ಗಿಸುತ್ತಿದ್ದವು. ಟ್ರೇಯ ಗುಳಿಯಲ್ಲಿರುವುದು ಒಂದು ಹಿಡಿಯೂ ಇಲ್ಲದ ಮಣ್ಣು, ಅದು ಒಣಗಲು ಎಷ್ಟು ಹೊತ್ತು ಬೇಕು? ನೆಲದ ಮಡಿಯಲ್ಲಿ ಬೆಳೆದ ಸಸಿಯಾಗಿದ್ದರೆ ಸಂಜೆಯ ತನಕ ತಡೆದೀತು, ಇವು ಮಧ್ಯಾಹ್ನ ಕಾಣುವುದೂ ಅನುಮಾನ. ಮೇಲಾಗಿ ನಲ್ಲಿ ನೀರು ಬಿಡುವುದು ಬೆಳಿಗ್ಗೆ ಮಾತ್ರ. ಬಿಸಿಲೇರಿದ ಮೇಲೆ ಯಾವ ಗಳಿಗೆಯಲ್ಲಾದರೂ ನಿಂತುಬಿಡುತ್ತಿತ್ತು.

ಉದ್ದನೆಯ ಪೈಪು ಗೋಡೆಯ ಮೊಳೆಯಲ್ಲಿ ಸುರುಳಿಯಾಗಿ ತೂಗುತ್ತಿತ್ತು. ಇಳಿಸಿದರೆ ಒಳಗೆಲ್ಲ ಜೇಡರ ಬಲೆ. ‘ಇದನ್ನ ಮುಟ್ಟೇ ಇಲ್ಲವಲ್ಲ ಈ ಹುಡುಗಿ!’ ಎಂದು ಅವರಿಗೆ ರೇಗಿತು. ಬಲೆ ಕೊಡವಿ, ಎಳೆದು, ನಲ್ಲಿಯ ಪೈಪಿಗೆ ಸೇರಿಸಿ, ನಲ್ಲಿಯನ್ನು ಪೂರಾ ತಿರುಗಿಸಿ, ಕುಂಟುತ್ತ ಹಿತ್ತಲಿಗೆ ಬಂದು ತುದಿ ಎತ್ತಿ ಹಿಡಿದರು. ಮೊದಲು ಒಂದಿಷ್ಟು ಗಾಳಿ ಬುಸ್ಸೆಂದಿತು. ಆಮೇಲೆ ಮಗು ಉಚ್ಚೆ ಹೊಯ್ದ ಹಾಗೆ ಒಂದು ಎಳೆ ನೀರು ಬಂದು ಅವರ ಹೆಬ್ಬೆರಳಿನ ಮೇಲೇ ಬಿತ್ತು.

ಪೈಪು ಎಲ್ಲೋ ಮಡಚಿಕೊಂಡಿರಬೇಕು ಎಂದುಕೊಂಡು ಉದ್ದಕ್ಕೂ ತಡವಿಕೊಂಡು ಹೋದರು. ಮಡಿಕೆ ಇರಲಿಲ್ಲ. ನೀರು ಬಿಡುವವನಿಗೆ ಮನಸಾರೆ ಬೈದು, ನಲ್ಲಿಯಿಂದ ಪೈಪು ಕಿತ್ತರು. ನೀರು ಧೋ ಎಂದು ಸುರಿದು ಪಂಚೆಯೆಲ್ಲ ತೊಯ್ದುಹೋಯಿತು. ಹಾಗಾದರೆ ನೀರಿನದೂ ತಪ್ಪಿಲ್ಲ. ಒಂದು ನೀರಿನ ಕ್ಯಾನು ತುಂಬಿಕೊಂಡು ನಡೆದೇ ನೋಡೋಣವೆಂದು ಹೊರಟರೆ ಅರ್ಧ ದಾರಿಯಲ್ಲಿ ಮಂಡಿ ಮಡಚಿಕೊಂಡು, ಗೋಡೆ ಹಿಡಿದು ನಿಂತರು. ಅರ್ಧ ನೀರು ಚೆಲ್ಲಿಹೋಗಿತ್ತು. ಮಿಕ್ಕದ್ದು ಒಂದು ಟ್ರೇಗೂ ಸಾಲಲಿಲ್ಲ. ಪಕ್ಕದ ಟ್ರೇಯಲ್ಲಿ ಸಸಿಗಳು ಒದ್ದೆ ದಾರದ ಹಾಗೆ ಮಣ್ಣಿಗೆ ಒರಗುತ್ತಿದ್ದವು. ಇಷ್ಟು ದಿನ ಇವು ಬದುಕಿದ್ದಾದರೂ ಹೇಗೆ ಎಂಬ ಪ್ರಶ್ನೆ ತಲೆಗೆ ಬಂತು. ಉತ್ತರ ಹುಡುಕುವ ವ್ಯವಧಾನ ಅವರಿಗೆ ಇರಲಿಲ್ಲ.

ಉಳಿದದ್ದು ಜಾಯಿಂಟುಗಳು.

ಅದನ್ನು ಯೋಚಿಸಿದ್ದೇ ಅವರಿಗೆ ತಮ್ಮ ಮೇಲೇ ಸಿಟ್ಟು ಬಂತು. ಆದರೂ ಹೋಗಿ ಚೀಲ ತಂದು, ನೆಲದ ಮೇಲೆ ಕಾಲು ಚಾಚಿ ಕೂತು, ಮೊದಲನೆಯ ಜಾಯಿಂಟಿಗೆ ಸ್ಪ್ಯಾನರ್ ಹಾಕಿದರು. ತಾವೇ ಬಿಗಿದದ್ದು, ಸುಮ್ಮನೆ ಬಿಟ್ಟೀತೆ? ಅಂಗೈ ಕೆಂಪಾಗುವ ತನಕ ಜಗ್ಗಿದ ಮೇಲೆ ಕಿರ್ರೆಂದು ಕದಲಿತು. ಬಿಚ್ಚಿ ಬೆಳಕಿಗೆ ಹಿಡಿದರು. ಎರಡು ವಾಷರೂ ಒಂದಕ್ಕೊಂದು ಒತ್ತಿಕೊಂಡು, ಪಕ್ಕಕ್ಕೆ ಹೋಗಲು ಜಾಗವಿಲ್ಲದೆ ಒಳಕ್ಕೆ ಉಬ್ಬಿ, ನಡುವೆ ಒಂದು ಬಟಾಣಿ ತೂರುವಷ್ಟು ಜಾಗ ಉಳಿದಿತ್ತು. ಅದರ ಅಂಚಿಗೆ ಟೇಪಿನ ಚಿಂದಿ ಬೇರೆ ಜೋತುಬಿದ್ದಿತ್ತು. ಬೆರಳು ತೂರುವ ಪೈಪಿಗೆ ಬಟಾಣಿಯಷ್ಟು ಬಾಯಿ, ಅದೂ ಪ್ರತಿಯೊಂದು ತುಂಡಿಗೆ!

ಮೇಸ್ತ್ರಿ ಆ ತೂತನ್ನೇ ನೋಡುತ್ತ ಕೂತರು. ಎಷ್ಟು ಮನೆಯ ನಲ್ಲಿಗಳು ಕಣ್ಣ ಮುಂದೆ ಬಂದವೋ, ಎಷ್ಟು ಜನ ಹೆಂಗಸರು ಬಕೆಟ್ಟಿನ ಮುಂದೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಕಾಯುತ್ತ ನಿಂತದ್ದು ಕಂಡಿತೋ. ನಾಚಿಕೆ ಪಡಲಿಕ್ಕೂ ಪುರುಸೊತ್ತು ಇರಲಿಲ್ಲ. ಬಿಸಿಲು ಗೋಡೆ ಇಳಿದು ಟ್ರೇಗಳ ಅಂಚಿಗೆ ಬಂದಿತ್ತು.

ಒಂದು ವಾಷರನ್ನು ಕಿತ್ತೆಸೆದರು. ಇನ್ನೊಂದರ ತೂತನ್ನು ಚಾಕುವಿನಿಂದ ಪೈಪಿನಷ್ಟೇ ಅಗಲ ಮಾಡಿದರು. ಟೇಪಿನ ಚಿಂದಿ ತೆಗೆದು ಒರೆಸಿ, ಕೈಯಲ್ಲಿ ಮಾತ್ರ ಬಿಗಿದರು. ಅಭ್ಯಾಸ ಬಲದಿಂದ ಸ್ಪ್ಯಾನರಿನ ಕಡೆ ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಎರಡನೆಯದಕ್ಕೆ ಜರುಗಿದರು. ಅಲ್ಲೂ ಅದೇ ಕತೆ. ಮೂರನೆಯದರಲ್ಲಿ ಚಾಕು ಜಾರಿ ಬೆರಳು ಕೊಯ್ದಿತು. ಪಂಚೆಯ ಅಂಚನ್ನು ಸುತ್ತಿಕೊಂಡು ಮುಂದುವರಿದರು. ನಲ್ಲಿಯ ಕಡೆಯಿಂದ ನೀರಿನ ಸದ್ದು ಬರುತ್ತಲೇ ಇದೆಯೇ ಎಂದು ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದರು. ಪೈಪಿಲ್ಲದ ನಲ್ಲಿಯನ್ನು ಸಣ್ಣಗೆ ಬಿಟ್ಟು ಬಂದದ್ದು ಅದಕ್ಕೇ. ಅದು ನಿಂತರೆ ಎಲ್ಲ ನಿಂತ ಹಾಗೆ.

ನಾಲ್ಕನೆಯ ಜಾಯಿಂಟು ಜಗ್ಗುವ ಮೊದಲೇ ಕದಲಿತು. ತಮ್ಮ ಕೈಯ ಬಿಗಿ ಇಷ್ಟು ಸಡಿಲವೇ ಎಂದು ಅನುಮಾನದಿಂದಲೇ ಬಿಚ್ಚಿದರು. ಟೇಪು ಉಲ್ಟಾ ಸುತ್ತಿತ್ತು.

ಮರೆ ತಿರುಗುವ ದಿಕ್ಕಿಗೇ ಟೇಪು ಸುತ್ತಬೇಕು, ಇಲ್ಲದಿದ್ದರೆ ಬಿಗಿಯುವಾಗ ಮುದ್ದೆಯಾಗಿ ಹೊರಗೆ ಬರುತ್ತದೆ. ಮೇಸ್ತ್ರಿ ನಿದ್ದೆಗಣ್ಣಲ್ಲೂ ಆ ತಪ್ಪು ಮಾಡುವವರಲ್ಲ. ಎಡಗೈಯವರು ಸುತ್ತಿದರೆ ಮಾತ್ರ ಹಾಗೆ ತಿರುಗುತ್ತದೆ. ಮನೆಯಲ್ಲಿ ಎಡಚಿ ಅಂದರೆ ಮಗಳೊಬ್ಬಳೇ.

ಒಳಗೆ ನೋಡಿದರು. ಎರಡು ವಾಷರುಗಳೂ ಇದ್ದವು, ಅವರು ಕೂರಿಸುವ ಹಾಗೆಯೇ, ದಪ್ಪನೆಯದು ಕೆಳಗೆ, ತೆಳ್ಳನೆಯದು ಮೇಲೆ. ಅವಳು ಬಿಚ್ಚಿದ್ದಾಳೆ, ನೋಡಿದ್ದಾಳೆ, ತಿಳಿದುಕೊಂಡಿದ್ದಾಳೆ. ಆಮೇಲೆ ಏನೂ ಮುಟ್ಟದವಳ ಹಾಗೆ ಎಲ್ಲವನ್ನೂ ಮೊದಲಿನಂತೆ ಇಟ್ಟು, ಟೇಪು ಸುತ್ತಿ, ಪೈಪನ್ನು ಮೊಳೆಗೆ ನೇತುಹಾಕಿದ್ದಾಳೆ.

ಮೇಸ್ತ್ರಿ ತಲೆ ಎತ್ತಿದರು. ಗೋಡೆಯ ಮೂಲೆಯಲ್ಲಿ ಎರಡು ದೊಡ್ಡ ಕ್ಯಾನುಗಳಿದ್ದವು. ಅವುಗಳ ಹಿಡಿಗೆ ಅಂಗೈ ಒತ್ತದಿರಲೆಂದು ಹಳೇ ಬಟ್ಟೆ ಸುತ್ತಿತ್ತು, ಬಟ್ಟೆ ಉಜ್ಜಿ ಉಜ್ಜಿ ಕಪ್ಪಾಗಿತ್ತು. ನಲ್ಲಿಯಿಂದ ಆ ಮೂಲೆಯವರೆಗೆ ಹುಲ್ಲು ಸವೆದು ಒಂದು ಕಾಲುಹಾದಿಯೇ ಬಿದ್ದಿತ್ತು. ದಿನಾ ಕಿಟಕಿಯ ಪಕ್ಕ ಕೂತು ಪೇಪರು ಓದುವ ಮನುಷ್ಯನಿಗೆ ಅದು ಕಂಡೇ ಇರಲಿಲ್ಲ. ಅವಳ ಭುಜ ಯಾಕೆ ಹೋಯಿತು ಎಂದು ಅವರಿಗೆ ಯಾವ ಡಾಕ್ಟರೂ ಹೇಳಬೇಕಾಗಿರಲಿಲ್ಲ. ಅಲ್ಲಿಯೇ, ಬಿಸಿಲಲ್ಲಿ, ಆ ಮುದ್ದೆಯಾದ ಟೇಪನ್ನು ಕೈಯಲ್ಲಿ ಹಿಡಿದುಕೊಂಡು ಅವರು ಅತ್ತರು.

ಅಳುತ್ತಲೇ ಕೆಲಸ ಮಾಡಿದರು. ಉಳಿದ ಜಾಯಿಂಟುಗಳನ್ನು ಹೇಗೆ ಬಿಚ್ಚಿದರೋ, ಹೇಗೆ ಕೂಡಿಸಿದರೋ ಅವರಿಗೇ ಗೊತ್ತಿಲ್ಲ. ಪೈಪನ್ನು ನಲ್ಲಿಗೆ ಸಿಕ್ಕಿಸಿ ತಿರುಗಿಸಿದಾಗ ಮೊದಲ ಜಾಯಿಂಟಿನಿಂದ ಟಪಟಪನೆ ಹನಿ ಉದುರಿತು, ಎರಡನೆಯದೂ ಸೋರಿತು, ನಾಲ್ಕನೆಯದು ಸಣ್ಣ ಕಾರಂಜಿಯನ್ನೇ ಚಿಮ್ಮಿಸಿತು. ಅವರು ನಿಂತು ನೋಡಲಿಲ್ಲ. ಹಿತ್ತಲಿಗೆ ಓಡಿದರು ಎನ್ನುವಂತಿಲ್ಲ, ಆದರೆ ಆ ಮಂಡಿಗೆ ಅದು ಓಟವೇ. ಪೈಪಿನ ತುದಿ ನೆಲದ ಮೇಲೆ ಹಾವಿನಂತೆ ಹೊರಳಾಡುತ್ತ ಗೋಡೆಗೆಲ್ಲ ನೀರು ಎರಚುತ್ತಿತ್ತು.

ಗೇಟಿನ ಸದ್ದಾದಾಗ ಅವರು ಇನ್ನೂ ನೀರು ಹಾಕುತ್ತಿದ್ದರು. ಮಗಳು ಎಡಗೈಯನ್ನು ಕೊರಳಿನ ಜೋಳಿಗೆಗೆ ಹಾಕಿಸಿಕೊಂಡು ಬಂದು, ಮನೆಯೊಳಗೆ ಹೋಗದೆ ನೇರ ಹಿತ್ತಲಿಗೆ ಬಂದಳು. ಹಿಂದೆಯೇ ಬಂದ ತಾಯಿ ದಾರಿಯುದ್ದಕ್ಕೂ ಸೋರುವ ಜಾಯಿಂಟುಗಳನ್ನು ನೋಡಿ, “ಅಯ್ಯೋ, ಇದೇನ್ರೀ ಅವಾಂತರ?” ಎಂದಳು. ಮಗಳು ಟ್ರೇಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಸಸಿಯನ್ನು ಬೆರಳಿನಿಂದ ಎತ್ತಿ ನೋಡಿದಳು. ಬಿಸಿಲು ಮೊದಲು ಬಿದ್ದ ಕಡೆಯ ಎರಡು ಟ್ರೇಗಳು ಹೋಗಿದ್ದವು. ಉಳಿದವು ಸುಸ್ತಾಗಿದ್ದವು, ಆದರೆ ಕಾಂಡದಲ್ಲಿ ಇನ್ನೂ ಜೀವವಿತ್ತು.

“ಇವು ಉಳೀತಾವೆ” ಎಂದಳು.

ಮೇಸ್ತ್ರಿ ನೀರಿನ ಕಡೆಯೇ ನೋಡುತ್ತ ಕೇಳಿದರು. “ನಾಲ್ಕನೇ ಜಾಯಿಂಟು ಯಾವಾಗ ಬಿಚ್ಚಿದ್ದೆ?”

ಅವಳು ತಾಯಿಯ ಮುಖ ನೋಡಿದಳು. ತಾಯಿಗೆ ಎಲ್ಲ ಗೊತ್ತಿತ್ತೆಂದು ಮೇಸ್ತ್ರಿಗೆ ಆಗಲೇ ಹೊಳೆದದ್ದು.

“ಹೋದ ಬೇಸಿಗೇಲಿ.”

“ಹೇಳೋದಕ್ಕೇನಾಗಿತ್ತು? ಕೇಳಿದ್ರೆ ನಾನೇನು ಸತ್ತುಹೋಗ್ತಿದ್ನಾ?”

“ಅದಕ್ಕೆ ಮುಂಚೆ ಒಂದ್ಸಲ ಅಡಿಗೆಮನೆ ನಲ್ಲೀಲಿ ನೀರು ಸಣ್ಣಗೆ ಬರುತ್ತೆ ಅಂದಿದ್ದೆ ಅಪ್ಪ” ಎಂದಳು ಅವಳು, ಮೆಲ್ಲಗೆ. “ಆಮೇಲೆ ಮಳೆಗಾಲ ಮುಗಿಯೋವರೆಗೂ ನೀವು ನನ್ನ ಹತ್ರ ಮಾತಾಡ್ಲಿಲ್ಲ. ಅದಕ್ಕಿಂತ ನೀರು ಹೊರೋದೇ ಸುಲಭ ಅನ್ನಿಸ್ತು.”

ಹೆಂಡತಿ ಒಳಗೆ ಹೋದಳು. ಆ ಮಳೆಗಾಲ ಮೇಸ್ತ್ರಿಗೆ ನೆನಪಿತ್ತು, ತಾವು ಗೆದ್ದದ್ದು ಎಂದು ನೆನಪಿತ್ತು. ಪೈಪು ತಗ್ಗಿಸಿ, “ನೀರು ಇನ್ನೂ ಇದೆ. ಎಲ್ಲಿಗೆ ಎಷ್ಟು ಹಾಕ್ಬೇಕು ನೀನೇ ಹೇಳು” ಎಂದರು.

ಅವಳು ಅನುಮಾನದಿಂದ ಅವರನ್ನೊಮ್ಮೆ ನೋಡಿ ಹೇಳಿದಳು. “ಸ್ವಲ್ಪ ಬಲಕ್ಕೆ ಅಪ್ಪ. ನೇರ ಬಿಡಬೇಡಿ, ಬೆರಳು ಅಡ್ಡ ಇಡಿ.”

ಅವರು ಬಲಕ್ಕೆ ಸರಿದು ಬೆರಳು ಅಡ್ಡ ಇಟ್ಟರು.

“ಹಾಗಲ್ಲ ಅಪ್ಪ, ತಪ್ಪು” ಎಂದು ಬಾಯಿಗೆ ಬಂದುಬಿಟ್ಟಿತು. ಅಂದವಳೇ ತುಟಿ ಕಚ್ಚಿಕೊಂಡಳು.

“ಮತ್ತೆ ಹೇಗೆ, ತೋರಿಸು” ಎಂದರು ಮೇಸ್ತ್ರಿ.