ಅಣಕು ಪ್ರದರ್ಶನದಲ್ಲಿ ಸತ್ತವಳು

ಬಿಕ್ಕಟ್ಟು ನಿರ್ವಹಣೆ ಎಂಬ ವಿಷಯದಲ್ಲಿ ಎಂ.ಎ. ಮಾಡಬಹುದು ಎಂದು ನನಗೆ ಗೊತ್ತಾದದ್ದು ರೊಟ್ಟಿ ಕೊಡಲು ಹೋದಲ್ಲಿ. ಕುಬಿಹಾಳದ ಮನೆಯಿಂದ ಬಸ್ಸು ಹಿಡಿದು ಧಾರವಾಡದ ಒಂದು ಕಾಲೇಜಿನ ಹಾಸ್ಟೆಲಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹಾಕುತ್ತಿದ್ದೆ. ಆ ಕೋರ್ಸಿಗೆ ಇನ್ನೂ ಸೀಟುಗಳು ಉಳಿದಿವೆ ಎಂದು ಗೋಡೆಗೆ ಹಚ್ಚಿದ್ದರು. ಸಂತೆಯಲ್ಲಿ ಕೂತು ಕಲಿತವಳು ನಾನು. ಎಲ್ಲರೂ ಮುಗಿಬೀಳುವ ಮಾಲಿನಲ್ಲಿ ಲಾಭವಿಲ್ಲ. ಯಾರೂ ಮುಟ್ಟದ ಮಾಲಿಗೆ ನಾಳೆ ಗಿರಾಕಿ ಇದ್ದಾನೆಯೇ ಎಂದಷ್ಟೇ ನೋಡಬೇಕು. ವಿಚಾರಿಸಿದೆ. ಬೆಂಕಿ, ನೆರೆ, ಅಪಘಾತಕ್ಕೆ ಮೊದಲೇ ತಯಾರಿ ಮಾಡಿಸಲು ದೊಡ್ಡ ಆಸ್ಪತ್ರೆಗಳಿಗೆ, ಕಾರ್ಖಾನೆಗಳಿಗೆ ಒಬ್ಬರು ಬೇಕಾಗುತ್ತಾರಂತೆ. ಮಷಿನ್ ರೊಟ್ಟಿ ಬಂದ ಮೇಲೆ ನನ್ನ ಗಿರಾಕಿಗಳು ಒಬ್ಬೊಬ್ಬರಾಗಿ ಕಳಚಿಕೊಳ್ಳುತ್ತಿದ್ದರು, ಮೊಣಕೈಯೂ ಹಿಡಿಯುತ್ತಿತ್ತು. ಅಂಚೆ ತೆರಪಿನ ಶಿಕ್ಷಣದಲ್ಲಿ ಮಾಡಿಕೊಂಡಿದ್ದ ಬಿ.ಎ. ಇತ್ತು. ಸೇರಿಬಿಟ್ಟೆ.

ಇದು ಕೇಳಿದವರಿಗೆ ನಾನು ಹೇಳುವ ಕಾರಣ. ಹೇಳದ ಕಾರಣವೊಂದಿದೆ. ನನ್ನ ಗಂಡ ಟ್ರ್ಯಾಕ್ಟರಿನ ಅಡಿ ಸಿಕ್ಕಾಗ ಸುತ್ತಲೂ ಊರೇ ನಿಂತಿತ್ತು. ಏನು ಮಾಡಬೇಕೆಂದು ಒಬ್ಬರಿಗೂ ತಿಳಿದಿರಲಿಲ್ಲ, ನನಗೂ.

ತರಗತಿಯ ಹುಡುಗ ಹುಡುಗಿಯರು ನನ್ನನ್ನು ಆಂಟಿ ಎನ್ನುತ್ತಿದ್ದರು. ಡಬ್ಬಿ ಬಿಚ್ಚಿದಾಗ ಬಾಜು ಬಂದು ಕೂಡುವರು, ಚಟ್ನಿ ಮುಗಿದರೆ ಎದ್ದುಹೋಗುವರು. ಪಾಠ ಮಾತ್ರ ನನಗೆ ಬೇಗ ಹತ್ತಿತು. ಎಲ್ಲಿಗೆ ಹೋದರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ಆಗಬಹುದಾದ ಅತಿ ಕೆಟ್ಟದ್ದು ಏನು?

ಈ ಪ್ರಶ್ನೆಯನ್ನು ನಮ್ಮ ಕಡೆ ಬಾಯಿಬಿಟ್ಟು ಕೇಳಿ ನೋಡಿ. ಕೆಟ್ಟದ್ದನ್ನು ಆಡಿದರೆ ಮೇಲೆ ಹಾದುಹೋಗುವ ದೇವತೆಗಳು ‘ಅಸ್ತು’ ಎಂದುಬಿಡುತ್ತಾರೆ ಎಂಬ ಭಯ ನಮ್ಮವರಿಗೆ. ನಾದಿನಿಯ ಮಗಳ ಮದುವೆ ಹಂದರದಲ್ಲಿ ನಿಂತು, ಅಡಿಗೆಯ ಸಿಲಿಂಡರುಗಳು ಬಾಗಿಲ ಹತ್ತಿರವೇ ಇವೆಯಲ್ಲ, ಬೆಂಕಿ ಬಿದ್ದರೆ ಮಂದಿ ಎತ್ತ ಓಡಬೇಕು ಎಂದೆ.

“ಬಿಡ್ತ ಅನ್ರಿ ವೈನಿ!” ಎಂದು ನಾದಿನಿ ನನ್ನ ಬಾಯಿಗೇ ಕೈ ಒತ್ತಿದಳು. “ಅಕ್ಕಿಕಾಳ ಬೀಳೂ ಹೊತ್ತಿನ್ಯಾಗ ಇಂಥಾ ಮಾತು ಆಡ್ತಾರೇನ್ರಿ?”

ಬಿಡ್ತು ಎಂದೆ. ಸಿಲಿಂಡರುಗಳನ್ನು ಯಾರೂ ಸರಿಸಲಿಲ್ಲ, ಏನೂ ಆಗಲಿಲ್ಲ. ಏನೂ ಆಗದಿದ್ದದ್ದೇ ನನ್ನ ತಪ್ಪಾಯಿತು. ಅಲ್ಲಿಂದ ಮುಂದೆ ಆ ಮನೆಯ ಶುಭಕಾರ್ಯಗಳ ಸುದ್ದಿ ನನಗೆ ಕಾರ್ಯ ಮುಗಿದ ಮೇಲೆ ಫೋನಿನಲ್ಲಿ ಬರತೊಡಗಿತು.

ಕೊನೆಯ ವರ್ಷ ಒಂದು ಊರಿನಲ್ಲಿ ಅಣಕು ಪ್ರದರ್ಶನ ಮಾಡಿಸಬೇಕಿತ್ತು. ನೆರೆ ಬಂದಿದೆ ಎಂದುಕೊಂಡು ಜನರನ್ನು ಎಬ್ಬಿಸಿ, ಗಾಯಗೊಂಡವರನ್ನು ಹೊತ್ತು, ಎತ್ತರದ ಜಾಗಕ್ಕೆ ಮುಟ್ಟಿಸುವ ತಾಲೀಮು. ಅದಿಲ್ಲದೆ ಪದವಿಯಿಲ್ಲ. ಹುಬ್ಬಳ್ಳಿಯ ಒಂದು ಆಸ್ಪತ್ರೆ, ಪದವಿ ತಂದರೆ ಸುರಕ್ಷತೆಯ ಕೆಲಸ ನಿಮಗೇ ಎಂದು ಆ ತಿಂಗಳ ಕೊನೆಯವರೆಗೆ ಜಾಗ ಹಿಡಿದಿತ್ತು. ಅದು ತಪ್ಪಿದರೆ ಮತ್ತೆ ಒಲೆಯ ಮುಂದೆ ಕೂಡುವುದೇ.

ಬೆಣ್ಣಿಹಳ್ಳದ ದಂಡೆಯ ಒಂದು ಊರು ಆರಿಸಿಕೊಂಡೆ. ಪಂಚಾಯ್ತಿಯ ಅಧ್ಯಕ್ಷೆ ಗುಡಿಕಟ್ಟೆಗೆ ಎಲ್ಲರನ್ನೂ ಕರೆಸಿದಳು. ಊರಿನ ಹಿರಿಯರೊಬ್ಬರು ಪೂರ್ತಿ ಕೇಳಿಸಿಕೊಂಡು ಹೇಳಿದರು:

“ಎಲ್ಲಾ ಮಾಡೂಣ್ರಿ ಅಕ್ಕಾರ. ಗಂಟಿ ಬಾರಸ್ತೀವಿ, ಓಡ್ತೀವಿ, ದಿಬ್ಬದ ಮ್ಯಾಲಿನ ಕನ್ನಡ ಸಾಲಿಗೆ ಹೋಗಿ ಕುಂಡ್ರತೀವಿ. ಆದ್ರ ಪೆಟ್ಟು ಬಿದ್ದವರಂಗ ಯಾರೂ ಮಲಗಂಗಿಲ್ಲ ನೋಡ್ರಿ.”

“ನಾಟಕ ಅಲ್ಲೇನ್ರಿ ಕಾಕಾರ? ನಿಮ್ಮೂರಾಗ ನಾಟಕದಾಗ ಯಾರೂ ಸತ್ತೇ ಇಲ್ಲೇನು?”

“ನಾಟಕದಾಗ ಸಾಯಾಂವ ಬಣ್ಣಾ ಹಚ್ಚಿರ್ತಾನ್ರಿ. ಇದು ಆಟ ಅಂತ ಮ್ಯಾಲಿನವರಿಗೆ ತಿಳೀತೈತಿ. ನೀವು ಬಣ್ಣಾ ಇಲ್ದ ಮಲಗಸ್ತೀರಿ. ಅವರು ಏನಂತ ತಿಳ್ಕೋಬೇಕು?”

ಇದಕ್ಕೆ ನನ್ನ ಪಠ್ಯದಲ್ಲಿ ಉತ್ತರವಿರಲಿಲ್ಲ, ಸಂತೆಯಲ್ಲಿತ್ತು. ಗಿರಾಕಿ ಬೇಡವೆಂದರೆ ಬೆಲೆ ಇಳಿಸಬಾರದು, ಮಾಲು ಬದಲಿಸಬೇಕು.

“ಆತು ಬಿಡ್ರಿ, ಪೆಟ್ಟು ಬ್ಯಾಡ. ನೀರು ಬಂದೈತಿ, ಒಬ್ಬಾಕಿಗೆ ಹೆರಿಗಿ ಬ್ಯಾನಿ ಎದ್ದೈತಿ. ಆಕೀನ್ನ ಹೊತ್ಕೊಂಡು ಹೋಗೂಣು.”

ಹೆಂಗಸರ ಕಡೆ ನಗೆಯೆದ್ದಿತು. ಹೊಸದಾಗಿ ಮದುವೆಯಾಗಿ ಬಂದವಳೊಬ್ಬಳು ಸೆರಗು ಬಾಯಿಗೆ ಹಿಡಿದು ಅತ್ತೆಯ ಮುಖ ನೋಡಿದಳು.

“ಆಗವಾ, ನೀನ ಆಗು. ದೇವರು ಖರೇನ ಅಂತ ತಿಳಕೊಂಡ್ರೂ ಛಲೋನ ಆತು!” ಎಂದಳು ಅತ್ತೆ.

ಗೆದ್ದೆನೆಂದು ನನ್ನ ಮಾರ್ಗದರ್ಶಕರಿಗೆ ಫೋನು ಹಚ್ಚಿದೆ. ಅವರು ಒಪ್ಪಲಿಲ್ಲ. ಬರೀ ಹೆರಿಗೆ ಸಾಲದು, ಶವವನ್ನು ಗೌರವದಿಂದ ಸಾಗಿಸುವುದೂ ತಾಲೀಮಿನ ಭಾಗ, ಒಂದಾದರೂ ಸಾವು ಇರಲೇಬೇಕು, ಇಲ್ಲದಿದ್ದರೆ ಸಹಿ ಹಾಕುವುದು ಕಷ್ಟ ಎಂದರು. ಕಟ್ಟೆಗೆ ಮರಳಿ ಹಾಗೆಯೇ ತಿಳಿಸಿದೆ. ನಗೆ ನಿಂತಿತು. ಕೆಲವರು ಎದ್ದು ಧೋತರ ಝಾಡಿಸಿಕೊಂಡರು. ಆಗ ಅಧ್ಯಕ್ಷೆ ದಾರಿ ತೋರಿಸಿದಳು:

“ನೀವ ಮಲ್ಕೋರಿ ಅಕ್ಕಾರ. ನಿಮಗಿನ್ನ ಏನ್ ಆಗೂದೈತಿ?”

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ನನ್ನ ಬರಿದಾದ ಹಣೆ ನೋಡಿ ಅಂದದ್ದು. ಉಳಿದವರೆಲ್ಲ ಹೌದೆಂದು ತಲೆಯಾಡಿಸಿದರು, ಎದ್ದವರು ಕೂತರು. ವ್ಯಾಪಾರ ಕುದುರಿತು.

ತಾಲೀಮಿನ ದಿನ ಗುಡಿಯ ಗಂಟೆ ಹೊಡೆದಾಗ ಊರು ಚೆಂದ ಎದ್ದಿತು. ದನಗಳನ್ನು ಮೊದಲು ಬಿಚ್ಚಿದರು, ಮುದುಕಿಯರನ್ನು ಬೈಕುಗಳ ಮೇಲೆ ಕೂಡಿಸಿಕೊಂಡರು. ಬ್ಯಾನಿಯವಳನ್ನು ಹಗ್ಗದ ಹೊರಸಿನ ಮೇಲೆ ಹೊತ್ತು ಹಾಡುತ್ತ ಹೋದರು. ನಾನು ಹಳ್ಳದ ಕಡೆಯ ಓಣಿಯ ಕೊನೆಯಲ್ಲಿ ಬಿಳಿ ಹಾಸಿಗೆಬಟ್ಟೆ ಹೊದ್ದು ಮಲಗಿದ್ದೆ. ತರಗತಿಯಲ್ಲಿ ಕಲಿಸಿದಂತೆ ಎರಡು ಬಿದಿರಿಗೆ ಗೋಣಿಚೀಲ ಪೋಣಿಸಿ ಸ್ಟ್ರೆಚರ್ ಮಾಡಿಸಿದ್ದೆ. ನಮ್ಮ ಊರುಗಳಲ್ಲಿ ಬಿದಿರಿನ ಮೇಲೆ ಬಿಳಿಬಟ್ಟೆ ಹೊದ್ದವರನ್ನು ಎಲ್ಲಿಗೆ ಒಯ್ಯುತ್ತಾರೆಂದು ಅಲ್ಲಿ ಮಲಗುವವರೆಗೆ ನನಗೆ ಹೊಳೆಯಲಿಲ್ಲ.

ಹೊರಬೇಕಾದವರು ಬಂದು ನಿಂತರು. ಬಟ್ಟೆಯೊಳಗಿಂದ ಅವರ ಕಾಲುಗಳಷ್ಟೇ ಕಾಣುತ್ತಿದ್ದವು.

“ನಾಕ್ ಮಂದಿ ಹೆಗಲ ಕೊಟ್ರ ಚಟ್ಟ ಆಗ್ತೈತಲೇ.”

“ಹಂಗಂತ ಇಲ್ಲೇ ಬಿಟ್ಟ ಹೋಗೂಣೇನು?”

“ನಿಮ್ಮಪ್ಪನ್ನ ಕೇಳಿ ಹಿಡಿ ನೀ. ನಾ ಒಲ್ಲೆ.”

ಹೊತ್ತು ಹೋಗುತ್ತಿತ್ತು. ಮೊಬೈಲಿನಲ್ಲಿ ಚಿತ್ರ ತೆಗೆಯಲು ಬಂದಿದ್ದ ಸಹಪಾಠಿ, ಬೇಗ ಎತ್ತಲಿ ಆಂಟಿ, ಬಸ್ಸಿಗೆ ತಡವಾಗುತ್ತದೆ ಎಂದ. ನಾನು ಬಟ್ಟೆಯೊಳಗಿಂದಲೇ ಚೌಕಾಸಿಗಿಳಿದೆ.

“ನಾಕ್ ಮಂದಿ ಬ್ಯಾಡ್ರೆಪಾ, ಐದ ಮಂದಿ ಹಿಡೀರಿ. ಹೆಗಲ ಮ್ಯಾಲೂ ಬ್ಯಾಡ, ಕೈಯಾಗ ಹಿಡೀರಿ.”

“ಸತ್ತಾಕಿ ರೇಟ್ ಮಾತಾಡಾಕತ್ಯಾಳಲೇ!” ಎಂದ ಒಬ್ಬ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ನಗೆಯಲ್ಲೇ ಎತ್ತಿ, ಟಂಟಂ ಗಾಡಿಯಲ್ಲಿಟ್ಟು, ಶಾಲೆಯ ಹಿಂದೆ ಇಳಿಸಿ, ಚಿತ್ರ ತೆಗೆದದ್ದಾಯಿತು.

ಇಳಿಸಿದವರು ಅಲ್ಲಿಂದ ನೇರವಾಗಿ ಸ್ನಾನಕ್ಕೆ ಹೋದರು. ಎದ್ದು ಬಟ್ಟೆ ಮಡಚಿ ಶಾಲೆಯ ಮುಂದೆ ಬಂದೆ. ಬ್ಯಾನಿಯವಳಿಗೆ ಅರಿಷಿಣ ಕುಂಕುಮ ಹಚ್ಚಿ ಉಡಿ ತುಂಬುತ್ತಿದ್ದರು, ಅವಳು ನಾಚಿ ನಗುತ್ತಿದ್ದಳು. ಅವಳನ್ನು ಅಲ್ಲಿ ಕೂಡಿಸಿದವಳು ನಾನು, ಆ ಹೆಂಗಸರ ನಡುವೆ ನನಗೆ ಜಾಗವಿರಲಿಲ್ಲ. ಬಾಜು ಮನೆಯಲ್ಲಿ ನೀರು ಕೇಳಿದೆ. “ಅಲ್ಲೇ ನಿಲ್ರಿ, ತರ್ತೀನಿ” ಎಂದು ಒಬ್ಬ ಹೆಣ್ಣುಮಗಳು ತಂಬಿಗೆ ತಂದು, ಹೊಸ್ತಿಲಾಚೆಯಿಂದಲೇ ನನ್ನ ಬೊಗಸೆಗೆ ಎತ್ತರದಿಂದ ಸುರಿದಳು. ಕುಡಿದೆ. ಅವಲಕ್ಕಿ ಹಂಚುತ್ತಿದ್ದರು. ಯಾರಾದರೂ ಕರೆದಾರು ಎಂದು ಸ್ವಲ್ಪ ಹೊತ್ತು ನಿಂತು, ಬಸ್‌ಸ್ಟ್ಯಾಂಡಿಗೆ ನಡೆದೆ.

ಪದವಿ ಬಂತು, ಕೆಲಸವೂ ಸಿಕ್ಕಿತು. ಈಗ ಈ ಕೋರ್ಸಿನ ಬಗ್ಗೆ ಕೇಳಲು ತಂದೆತಾಯಿಗಳು ಆಸ್ಪತ್ರೆಗೇ ಬರುತ್ತಾರೆ. ಸುಳ್ಳು ಹೇಳುವುದಿಲ್ಲ. ಕೆಲಸಗಳಿವೆ, ಆದರೆ ಹೆಚ್ಚಿನವು ಗುತ್ತಿಗೆಯವು. ಒಪ್ಪಿಕೊಳ್ಳುವ ಮೊದಲು ಎಷ್ಟು ವರ್ಷಕ್ಕೆ, ಯಾರ ಕೈಕೆಳಗೆ ಎಂದು ಬರವಣಿಗೆಯಲ್ಲಿ ಕೇಳಿ. ಬರೀ ಈ ಪದವಿ ಪಲ್ಯೆ ಇಲ್ಲದ ರೊಟ್ಟಿ. ನರ್ಸಿಂಗೋ, ಎಂಜಿನಿಯರಿಂಗೋ, ಇನ್ನೊಂದು ವಿದ್ಯೆ ಜೊತೆಗಿದ್ದರೆ ಸ್ಥಿರವಾದ ಹುದ್ದೆ. ಮತ್ತೆ, ಮಗಳಿಗೆ ಒಬ್ಬಳೇ ಕೂತು ಉಣ್ಣುವುದು ಅಭ್ಯಾಸವಿದೆಯೇ ನೋಡಿ. ಈ ಮಾತಿಗೆ ಅವರು ನಕ್ಕು, ನಾನು ತಮಾಷೆ ಮಾಡಿದೆನೆಂದು ತಿಳಿಯುತ್ತಾರೆ.

ಆಸ್ಪತ್ರೆಯಲ್ಲೂ ತಾಲೀಮು ಇರುತ್ತದೆ. ಓದಿದ ಸಿಬ್ಬಂದಿ, ಬಿಡ್ತು ಎಂದು ಯಾರೂ ಅನ್ನುವುದಿಲ್ಲ. ಆದರೆ ಸತ್ತವರಾಗಿ ಮಲಗಿ ಎಂದರೆ ಒಬ್ಬರಿಗೆ ಬೆನ್ನುನೋವು, ಒಬ್ಬರ ಮನೆಯಲ್ಲಿ ಬಾಣಂತಿ. ಕಡೆಗೆ ಮಲಗುವವಳು ನಾನೇ. ಮೊನ್ನೆಯೂ ಮೆಟ್ಟಿಲಿಳಿಸಿ ಹಿಂದಿನ ಅಂಗಳಕ್ಕೆ ತಂದರು. ಹೊತ್ತವರು ದಾರಿಯುದ್ದಕ್ಕೂ ಪಾಳಿಯ ಬಗ್ಗೆ, ಒಬ್ಬನ ಹೊಸ ಬೈಕಿನ ಬಗ್ಗೆ ಮಾತಾಡುತ್ತಿದ್ದರು. ಅಂಗಳದ ಬೇವಿನ ಕೆಳಗೆ ನನ್ನನ್ನು ಇಳಿಸಿ, ಹಾಗೆಯೇ ಮಾತಾಡುತ್ತ ಚಹಾಕ್ಕೆ ಹೋದರು. ತಾಲೀಮು ಮುಗಿಯಿತೆಂದು ಘೋಷಿಸಬೇಕಾದವಳು ನಾನು. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.