ಬಸುರಿಗುಂಡು ನಿಂತಿದ್ದ ಜಾಗ

ಪುಸ್ತಕ ಕೈಗೆ ಬಂದರೆ ಜಯಶೀಲಾ ಮೊದಲು ಓದುತ್ತಿದ್ದುದು ಲೇಖಕರ ಅರಿಕೆಯ ಪುಟವನ್ನು. ಮುನ್ನುಡಿ, ಬೆನ್ನುಡಿ ಎಲ್ಲ ಆಮೇಲೆ. ಬರೆದವರು ಯಾರ ಮನೆಯಲ್ಲಿ ಉಂಡರು, ಯಾರನ್ನು ಕೇಳಿ ತಿಳಿದರು, ಯಾರ ಹೆಸರನ್ನು ಕೊನೆಯ ಗಳಿಗೆಯಲ್ಲಿ ನೆನಪು ಮಾಡಿಕೊಂಡರು ಎಂಬುದೆಲ್ಲ ಅಲ್ಲಿರುತ್ತದೆ; ಉಳಿದ ಪುಟಗಳಲ್ಲಿ ಅವರು ಎಷ್ಟು ಬೇಕಾದರೂ ಜಾಣರಾಗಬಹುದು ಎನ್ನುತ್ತಿದ್ದಳು.

ಚಿತ್ರದುರ್ಗದ ಒಂದು ಸಣ್ಣ ದಿನಪತ್ರಿಕೆಯಲ್ಲಿ ಅವಳದು ಹದಿನೇಳು ವರ್ಷದ ಕೆಲಸ. ವಾರವಿಡೀ ಅವಳು ಹುಡುಕುತ್ತಿದ್ದುದು ಕಾಣೆಯಾದ ವಸ್ತುಗಳನ್ನು. ಹಾಸ್ಟೆಲ್ಲಿಗೆ ಬಾರದ ಬೇಳೆ, ಕಾಗದದ ಮೇಲಷ್ಟೇ ತೋಡಿದ ಕೃಷಿಹೊಂಡ, ರಾತ್ರೋರಾತ್ರಿ ಜಾಗ ಬದಲಿಸಿದ ಬಾಂದುಕಲ್ಲು. ಭಾನುವಾರ ಮಾತ್ರ ಅರ್ಧ ಪುಟ ಅವಳ ಇಷ್ಟದ್ದು. ಜಿಲ್ಲೆಯಲ್ಲಿ ಪುಸ್ತಕ ಬರೆದವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸುವಳು. ಸಂದರ್ಶನದ ಕೊನೆಗೆ ಲೇಖಕರಿಂದ ಅವರದೇ ಒಂದು ಪುಟ ಗಟ್ಟಿಯಾಗಿ ಓದಿಸಿ ರೆಕಾರ್ಡ್ ಮಾಡಿಕೊಳ್ಳುವಳು. ಅಚ್ಚಾಗುವಾಗ ಕೆಳಗೆ ಒಂದು ಚೌಕದೊಳಗೆ ಅರಿಕೆಯ ಪುಟದಿಂದ ನಾಲ್ಕು ಸಾಲು ಇರಲೇಬೇಕು.

ಚೀಲದಲ್ಲಿ ಎರಡು ನೋಟುಪುಸ್ತಕ. ಪುಸ್ತಕದ ಮಾತಿಗೆ ಬಿಳಿ ರಟ್ಟಿನದು, ತನಿಖೆಗೆ ಕೆಂಪು ರಟ್ಟಿನದು. ಕೆಂಪು ಪುಸ್ತಕದಲ್ಲಿ ಮಾಹಿತಿ ಕೊಟ್ಟ ಯಾರ ನಿಜ ಹೆಸರೂ ಇರುತ್ತಿರಲಿಲ್ಲ. ಒಬ್ಬರು ‘ಕೊಡೆ’, ಇನ್ನೊಬ್ಬರು ‘ಸೈಕಲ್’. ಮಗಳು ಬೆಳಿಗ್ಗೆ ಹೊರಡುವಾಗ ತಾಯಿ ಏಕಾಂತಮ್ಮ, “ಇವತ್ತು ಯಾವುದೇ, ಬಿಳೀದೋ ಕೆಂಪೋ?” ಎಂದು ಕೇಳುವಳು. ಕೆಂಪಾದರೆ ಸ್ಕೂಟರ್ ತಿರುವು ದಾಟುವ ತನಕ ಬಾಗಿಲಲ್ಲಿ ನಿಲ್ಲುವಳು.

ಆ ಸಲ ಅವಳು ಹೊರಟಿದ್ದು ಬಿಳಿ ಪುಸ್ತಕ ಹಿಡಿದೇ. ಹೊಸದುರ್ಗದ ಕಡೆ ಕರೇಕಲ್ಲುಹಟ್ಟಿಯ ಹತ್ತಿರ ದೊಡ್ಡತಿಮ್ಮಪ್ಪ ಎಂಬ ನಿವೃತ್ತ ಮೇಷ್ಟ್ರು ತಮ್ಮ ಊರ ಗುಡ್ಡದ ಬಂಡೆಗಳ ಹೆಸರನ್ನೆಲ್ಲ ಸೇರಿಸಿ ಒಂದು ಪುಸ್ತಕ ಬರೆದಿದ್ದರು. ಅದು ಅಚ್ಚಾಗಿ ಬಂದಿತ್ತು, ಇನ್ನೂ ಬಿಡುಗಡೆಯಾಗಿರಲಿಲ್ಲ. ಮಾತು ಮುಗಿದ ಮೇಲೆ, “ಹೆಸರು ಹೇಳಿಕೊಟ್ಟೋಳು ಮೇಲೆ ಕುರಿ ಮೇಯಿಸ್ತಿರ್ತಾಳೆ, ಬಾರಮ್ಮ ಹೋಗಾಣ” ಎಂದು ಗುಡ್ಡಕ್ಕೆ ಕರೆದೊಯ್ದರು.

ದುರುಗಕ್ಕನಿಗೆ ಅರವತ್ತೈದರ ಮೇಲಾಗಿತ್ತು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ತನಗಿಂತ ಉದ್ದದ ಕೋಲು. ಆ ಕೋಲಿನಿಂದಲೇ ತೋರಿಸುತ್ತ ಹೇಳಿದಳು. ಅದು ಬೆಣ್ಣೆಗುಂಡು, ಇದು ಅತ್ತೆಸೊಸೆ ಗುಂಡು, ಅಕೋ ಆ ನೀರು ನಿಲ್ಲೋ ಕಲ್ಲು ನಾಯಿದೊಣೆ. ಎಲ್ಲ ಅವಳ ಅತ್ತೆ ಹೇಳಿಕೊಟ್ಟ ಹೆಸರು. ಊರವರಿಗೆ ಅವು ಬರಿಯ ಬಂಡೆಗಳು. ಒಂದು ಕಡೆ ಕೋಲು ಗಾಳಿಯಲ್ಲೇ ನಿಂತಿತು.

“ಇಲ್ಲಿ ಬಸುರಿಗುಂಡು ಇತ್ತು. ಹೋದ ದೀಪಾವಳಿಗೂ ಇತ್ತು. ಈಗ ಲಾರಿ ಹತ್ತಿ ಹೋಗೈತೆ.”

ಕೆಳಗೆ ಜಲ್ಲಿ ಕ್ರಷರ್ ಗುರುಗುಡುತ್ತಿತ್ತು. ಜಯಶೀಲಾ ಮರುದಿನ ನಕ್ಷೆ ತೆಗೆಸಿ ನೋಡಿದಳು. ಕಲ್ಲು ಒಡೆಯಲು ಕೊಟ್ಟ ಅನುಮತಿಯ ಗಡಿ ಆ ಜಾಗಕ್ಕಿಂತ ಇನ್ನೂರು ಹೆಜ್ಜೆ ಈಚೆಗೇ ಮುಗಿದಿತ್ತು. ಬಿಳಿ ಪುಸ್ತಕದ ವಿಷಯ ಕೆಂಪಿಗೆ ಬಂತು. ಹೆಸರು ಎಲ್ಲೂ ಬರುವುದಿಲ್ಲವೆಂದು ದುರುಗಕ್ಕನಿಗೆ ಆಣೆ ಮಾಡಿದಳು; ಕೆಂಪು ಪುಸ್ತಕದಲ್ಲಿ ಆಕೆ ‘ಕಂಬಳಿ’ಯಾದಳು.

ಮೇಷ್ಟ್ರ ಸಂದರ್ಶನವನ್ನು ಅದೇ ವಾರ ಬರೆದು, ಪುಸ್ತಕ ಬಿಡುಗಡೆಯಾದಾಗ ಹಾಕಿ ಎಂದು ಕಚೇರಿಯಲ್ಲಿ ಕೊಟ್ಟಿಟ್ಟಳು. ತನಿಖೆಯ ವರದಿಗೆ ತಿಂಗಳು ಹಿಡಿಯಿತು. ಅದರಲ್ಲಿ ಬರೆದಳು: ‘ಬಸುರಿಗುಂಡು ಎಂಬ ಬಂಡೆ ಕಳೆದ ದೀಪಾವಳಿಯವರೆಗೂ ಇಲ್ಲಿತ್ತು ಎನ್ನುತ್ತಾರೆ ಸ್ಥಳೀಯರೊಬ್ಬರು.’ ಹೆಸರು ಚೆನ್ನಾಗಿತ್ತು. ಬಿಡಲು ಮನಸ್ಸಾಗಲಿಲ್ಲ.

ವರದಿ ಬಂದ ನಾಲ್ಕನೇ ದಿನ, ಕಲ್ಲು ಒಡೆದ ಜಾಗವನ್ನು ಇಪ್ಪತ್ತು ದಿನದೊಳಗೆ ಅಳತೆ ಮಾಡಬೇಕೆಂದು ಗಣಿ ಇಲಾಖೆಯಿಂದ ಆದೇಶವಾಯಿತು. ಅಳತೆಯವರು ಬಂದಾಗ ಬಂಡೆ ನಿಂತಿದ್ದ ಜಾಗವನ್ನು ಕೋಲೂರಿ ತೋರಿಸಬಲ್ಲವಳು ಒಬ್ಬಳೇ. ಅದೇ ಸಂಜೆ ಫೋನ್ ಬಂತು.

“ನಮಸ್ಕಾರ ಮೇಡಂ. ನಾನು ಪರಮೇಶ್, ಕ್ರಷರ್ ನೋಡ್ಕೊಳ್ಳೋನು. ಬಹಳ ಚೆನ್ನಾಗಿ ಬರೆದೀರಿ.” ದನಿ ಮೆತ್ತಗಿತ್ತು. “ಒಂದೇ ಒಂದು ಡೌಟು. ನಾನು ಅದೇ ಊರಲ್ಲಿ ಹುಟ್ಟಿ ಬೆಳೆದೋನು. ಬಸುರಿಗುಂಡು ಅನ್ನೋ ಹೆಸರು ನಮ್ಮಪ್ಪನಿಗೂ ಗೊತ್ತಿಲ್ಲ. ನಿಮಗೆ ಯಾರು ಹೇಳಿದ್ರು?”

“ವಿಚಾರ ಮಾಡಿ ಬರೆದಿದ್ದೀನಿ.”

“ಹೇಳಬ್ಯಾಡ್ರಿ, ಪರವಾಗಿಲ್ಲ. ಸುಮ್ಮನೆ ಕೇಳ್ದೆ. ಹುಷಾರಾಗಿ ಓಡಾಡ್ರಿ, ಹೊಳಲ್ಕೆರೆ ರಸ್ತೇಲಿ ನಮ್ಮ ಲಾರಿಗಳೇ ಜಾಸ್ತಿ.”

ಮುಂದಿನ ಗುರುವಾರ, ಭಾನುವಾರದ ಪುಟ ಕಟ್ಟುವ ದಿನ, ಅವಳು ಹಿರಿಯೂರಿನಲ್ಲಿ ಬೇರೆ ಕೆಲಸದ ಮೇಲಿದ್ದಳು. ಶನಿವಾರ ಮೇಷ್ಟ್ರ ಪುಸ್ತಕದ ಬಿಡುಗಡೆ. ಪುಟ ಕಟ್ಟುವ ಮಾರುತೇಶ್ ಕೊಟ್ಟಿಟ್ಟಿದ್ದ ಸಂದರ್ಶನ ತೆಗೆದು, ಪ್ರತಿ ವಾರದಂತೆ ಅಚ್ಚುಕಟ್ಟಾಗಿ ಪುಟ ಕಟ್ಟಿದ. ಚೌಕವನ್ನೂ ಮರೆಯಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಜಯಶೀಲಾ ಕಾಫಿ ಲೋಟ ಹಿಡಿದು ಪತ್ರಿಕೆ ಬಿಡಿಸಿದಳು. ಚೌಕದೊಳಗೆ ಇತ್ತು: ‘ಬಸುರಿಗುಂಡು ಮೊದಲಾದ ಹೆಸರುಗಳು ಇಂದು ಒಬ್ಬರ ಬಾಯಲ್ಲಷ್ಟೇ ಉಳಿದಿವೆ. ಅವನ್ನು ನನಗೆ ಕೊಟ್ಟ ಕರೇಕಲ್ಲುಹಟ್ಟಿಯ ದುರುಗಕ್ಕನಿಗೆ ಶರಣು.’

ಲೋಟವನ್ನು ಎಲ್ಲಿಟ್ಟಳೋ ನೆನಪಿಲ್ಲ. ಪರಮೇಶ್ ಅಷ್ಟು ಮೆತ್ತಗೆ ಕೇಳಿದ ಪ್ರಶ್ನೆಗೆ, ಅವಳದೇ ಪುಟದಲ್ಲಿ, ಊರಿನ ಹೆಸರಿನ ಸಮೇತ ಉತ್ತರ ಅಚ್ಚಾಗಿತ್ತು. ಆ ಸಾಲುಗಳನ್ನು ಆರಿಸಿ ಗೆರೆ ಎಳೆದವಳೂ ಅವಳೇ. ಆ ದಿನ ದುರುಗಕ್ಕನ ಹೆಸರು ಪುಸ್ತಕವೊಂದರಲ್ಲಿ ಇರುವುದನ್ನು ಕಂಡು ಎಷ್ಟು ಸಂತೋಷಪಟ್ಟಿದ್ದಳು.

ದುರುಗಕ್ಕನಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಮೇಷ್ಟ್ರು ಮಾತ್ರ ಒಂದೇ ರಿಂಗಿಗೆ ಎತ್ತಿದರು.

“ನೋಡ್ದೆ ಕಣಮ್ಮ! ಬಸ್‌ಸ್ಟ್ಯಾಂಡಿಂದ ಹತ್ತು ಪೇಪರ್ ತರಿಸಿದೀನಿ. ಮನೆಯೋಳಂತೂ ನನ್ನ ಫೋಟೋ ನೋಡಿ, ಹಲ್ಲು ಕಟ್ಟಿಸ್ಕೊಂಡಿದ್ದು ಇವತ್ತು ಸಾರ್ಥಕ ಆತು ಅಂತಾಳೆ.”

“ಮೇಷ್ಟ್ರೇ, ದುರುಗಕ್ಕ ಎಲ್ಲಿದ್ದಾಳೆ?”

“ಗುಡ್ಡದ ಮ್ಯಾಲೆ ಇರ್ತಾಳೆ. ಈಗ ತಾನೆ ಪರಮೇಶನೂ ಕೇಳ್ಕೊಂಡು ಹೋದ. ಅವನಿಗೂ ಒಂದು ಪೇಪರ್ ಕೊಟ್ಟೆ. ಕ್ರಷರ್‌ನೋರು ಆಕೆಗೆ ಸನ್ಮಾನ ಮಾಡ್ತಾರಂತೆ. ಮನುಷ್ಯರು ಬದಲಾಗ್ತಾರೆ ನೋಡು.”

ಅವರಿಗೆ ಬಿಡಿಸಿ ಹೇಳುವಷ್ಟು ಹೊತ್ತು ಇರಲಿಲ್ಲ. ಅವಳು ಸ್ಕೂಟರ್ ತೆಗೆದಳು. ಏಕಾಂತಮ್ಮ ಎಂದಿನಂತೆ ಕೇಳಿದಳು. ಸ್ಕೂಟರ್ ಆಗಲೇ ತಿರುವು ದಾಟಿತ್ತು.

ಹೊಳಲ್ಕೆರೆ ದಾಟುವ ತನಕ ಎದುರಿಗೆ ಬಂದ ಲಾರಿಗಳನ್ನೆಲ್ಲ ಎಣಿಸಿದಳು. ಒಂದು ಲಾರಿ ಹಿಂದೆಯೇ ಬಂತು. ಅವಳು ಬದಿಗೆ ಸರಿದರೂ ಮುಂದೆ ಹೋಗಲಿಲ್ಲ, ಹಾರನ್ ಕೂಡ ಮಾಡಲಿಲ್ಲ. ಕನ್ನಡಿಯ ತುಂಬ ಅದರ ಮೂತಿಯೇ. ಎರಡು ಮೈಲಿಯಾದ ಮೇಲೆ ಅದು ಒಂದು ತೋಟದ ದಾರಿಗೆ ತಿರುಗಿಕೊಂಡಿತು. ಬರಿಯ ಗೊಬ್ಬರದ ಲಾರಿ.

ಹಟ್ಟಿಯಲ್ಲಿ ದುರುಗಕ್ಕನ ಬಾಗಿಲಿಗೆ ಚಿಲಕ ಹಾಕಿತ್ತು. ಕುರಿ ಕೂಡುವ ರೊಪ್ಪ ಖಾಲಿ. ಪಕ್ಕದ ಮನೆಯ ಕಾಳಕ್ಕ ಬೀದಿಯಲ್ಲಿ ಪಾತ್ರೆ ಬೆಳಗುತ್ತಿದ್ದಳು.

“ಈಗಷ್ಟೇ ಜೀಪಲ್ಲಿ ಇಬ್ರು ಬಂದಿದ್ರು. ಗುಡ್ಡಕ್ಕೆ ಹೋಗೈತೆ ಅಂದೆ, ಅತ್ತಾಗೇ ಹೋದ್ರು. ಯಾಕವ್ವ, ಮುಖ ಹಂಗೆ ಬಿಳಿಚ್ಕೊಂಡೈತೆ?”

ಹತ್ತುವ ದಾರಿಯ ಲಂಟಾನ ಎಲೆಗಳ ಮೇಲೆಲ್ಲ ಬಿಳಿ ಧೂಳು. ಭಾನುವಾರವಾದ್ದರಿಂದ ಕ್ರಷರ್ ನಿಂತಿತ್ತು. ಆ ಮೌನದಲ್ಲಿ ತನ್ನ ಉಸಿರೇ ಅವಳಿಗೆ ಬೇರೆ ಯಾರೋ ಹಿಂದೆ ಬಂದಂತೆ ಕೇಳುತ್ತಿತ್ತು. ದುರುಗಕ್ಕ ಎಂದು ಕೂಗಿದಳು. ಬಂಡೆಗಳ ಸಂದಿಯಿಂದ ತನ್ನ ಕೂಗೇ ಹಿಂದಿರುಗಿತು. ಎರಡನೇ ಸಲ ಕೂಗಲು ಧೈರ್ಯ ಬರಲಿಲ್ಲ.

ಅತ್ತೆಸೊಸೆ ಗುಂಡನ್ನು ಬಳಸಿ ಹೋದಾಗ ಕಂಡರು. ದುರುಗಕ್ಕ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಅವಳೆದುರು ಬಿಳಿ ಅಂಗಿಯ ಒಬ್ಬಾತ ಕುಕ್ಕರಗಾಲಲ್ಲಿ. ಇನ್ನೊಬ್ಬ ದೂರದಲ್ಲಿ ಬೆನ್ನು ತಿರುಗಿಸಿ ನಿಂತಿದ್ದ. ಫೋನಿನಲ್ಲಿ ಕೇಳಿದ ಅದೇ ದನಿ.

“ಬರ್ರಿ ಮೇಡಂ, ಕುಂತ್ಕಳ್ರಿ. ಅಜ್ಜಿ ಹತ್ರ ಕುರಿ ಎಷ್ಟವೆ ಅಂತ ಎಣಿಸ್ತಿದ್ದೆ. ಅರವತ್ತೆರಡು. ಒಳ್ಳೆ ಮಂದೆ.” ಪರಮೇಶ್ ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡ. “ಅದಕ್ಕೇ ಹೇಳ್ತಿದ್ದೆ, ಈ ಕಡೆ ಮೇಯಿಸಬ್ಯಾಡಜ್ಜಿ ಅಂತ. ಸಿಡಿಸಿದಾಗ ಕಲ್ಲು ಎಲ್ಲಿಗೋ ಹಾರ್ತವೆ. ಕುರಿಗೆ ಬೀಳ್ತದೋ, ಕುರಿ ಕಾಯೋರಿಗೆ ಬೀಳ್ತದೋ, ಕಲ್ಲಿಗೇನು ಗೊತ್ತು?”

ಜಯಶೀಲಾ ಫೋಟೋ ತೆಗೆಯಲು ಫೋನನ್ನು ಅವನ ಮುಖಕ್ಕೆ ಹಿಡಿದಳು.

“ತಗಳ್ರಿ ತಗಳ್ರಿ. ಅಜ್ಜಿ ಜೊತೆ ಮಾತಾಡೋದು ತಪ್ಪಾ?” ಅವನು ನಕ್ಕ. ಇಬ್ಬರೂ ಇಳಿದು ಹೋದರು, ಅವಸರವಿಲ್ಲದೆ.

ಜೀಪಿನ ಸದ್ದು ಪೂರ್ತಿ ಸತ್ತ ಮೇಲೆ ಜಯಶೀಲಾ ಎಲ್ಲವನ್ನೂ ಹೇಳಿದಳು. ವರದಿ, ಚೌಕ, ತಾನೇ ಎಳೆದ ಗೆರೆ.

“ಅಲ್ಲೇ, ಓದಿದೋಳು ನೀನು!” ದುರುಗಕ್ಕ ಕೋಲನ್ನು ನೆಲಕ್ಕೆ ಕುಟ್ಟಿದಳು. “ನನ್ನ ಹೆಸರು ಎಲ್ಲೂ ಬರಲ್ಲ ಅಂತ ನೀನೇ ಆಣೆ ಮಾಡಿದ್ದೆ. ನಮ್ಮ ಕುರಿ ಹೊಲಕ್ಕೆ ನುಗ್ಗಿದ್ರೆ ಕಾಯೋರನ್ನ ಬಯ್ತಾರೆ. ನಿನ್ನನ್ನ ಯಾರು ಬಯ್ಯಬೇಕು?”

“ನೀನೇ ಬಯ್ಯಿ ಅಕ್ಕ.”

“ಬೈದ್ರೆ ಬಂಡೆ ವಾಪಸ್ ಬರ್ತೈತಾ?” ಕಂಬಳಿಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. “ನನಗೂ ಭಯ ಐತೆ. ಇಲ್ಲ ಅನ್ನಲ್ಲ. ಅವನು ಕುರಿ ಎಣಿಸಿದ್ದು ಸುಮ್ಮನೆ ಅಲ್ಲ.”

“ಅಳತೆ ಮುಗಿಯೋ ತನಕ ನಮ್ಮನೆಗೆ ಬಂದಿರು. ದುರ್ಗದಲ್ಲಿ ಯಾರಿಗೂ ಗೊತ್ತಾಗಲ್ಲ.”

“ಇವನ್ನೂ ಕರ್ಕೊಂಡು ಬರ್ಲಾ ನಿಮ್ಮನೆಗೆ? ನಿಮ್ಮವ್ವ ಮಜ್ಜಿಗೆ ಕೊಡ್ತಾಳಾ ಅರವತ್ತೆರಡಕ್ಕೂ?” ಹೇಳಿ ತಾನೇ ನಗಲಿಲ್ಲ. “ಅವನು ಹೆದರಿಸಿದ್ದು ಅವನಿಗೆ ಗೊತ್ತು, ನನಗೆ ಗೊತ್ತು, ನಿನಗೆ ಗೊತ್ತು. ಮೂರೇ ಜನ. ಮೂರು ಜನಕ್ಕೆ ಗೊತ್ತಿರೋದು ಕೆಟ್ಟದ್ದು. ಎಲ್ಲರಿಗೂ ಗೊತ್ತಾಗಂಗೆ ಬರಿ. ನನ್ನ ಮುಖ ಹಾಕು, ಹೆಸರು ಹಾಕು, ಅವನು ಆಡಿದ್ದೂ ಹಾಕು. ಈ ಮುದುಕಿಗೆ ನಾಳೆ ಕಲ್ಲು ಬಿದ್ರೆ, ಎಲ್ಲಿಂದ ಬಂತು ಅಂತ ಟೀ ಅಂಗಡೀಲಿ ಕೂತೋರೂ ಹೇಳ್ಬೇಕು.”

ಹದಿನೇಳು ವರ್ಷ ಜಯಶೀಲಾ ಕಲಿತಿದ್ದು ಹೆಸರು ಮುಚ್ಚಿಡುವುದನ್ನು. ಮುಚ್ಚಿಟ್ಟರೆ ಕಾಯ್ದಂತೆ ಎಂದು ನಂಬಿದ್ದಳು. ಈಗ ಮುಚ್ಚಲು ಏನೂ ಉಳಿದಿರಲಿಲ್ಲ. ಕೊನೆಗೆ ಚೀಲದಿಂದ ತೆಗೆದದ್ದು ಬಿಳಿ ಪುಸ್ತಕ. ರೆಕಾರ್ಡರ್ ಒತ್ತಿ, ಬೇರೆ ದಾರಿ ಹೊಳೆಯದೆ, ಲೇಖಕರಿಗೆ ಹೇಳುವಂತೆಯೇ ಹೇಳಿದಳು.

“ಅಕ್ಕ, ಒಂದು ಪುಟ ಓದು.”

ದುರುಗಕ್ಕನಿಗೆ ಅಕ್ಷರ ಬರುತ್ತಿರಲಿಲ್ಲ. ಎದ್ದು ನಿಂತು ಕೋಲು ಚಾಚಿದಳು. ಬೆಣ್ಣೆಗುಂಡು, ಅತ್ತೆಸೊಸೆ ಗುಂಡು, ಕೂಗುಬಂಡೆ, ನಾಯಿದೊಣೆ. ಕೋಲು ನಿಧಾನವಾಗಿ ತಿರುಗಿ ಹಳ್ಳ ಬಿದ್ದ ಜಾಗದ ಕಡೆ, ಬರಿಯ ಆಕಾಶದ ಕಡೆ ನಿಂತಿತು. “ಇದು ಬಸುರಿಗುಂಡು” ಎಂದಳು. ಇತ್ತು ಎನ್ನಲಿಲ್ಲ.

ಅಂದಿನಿಂದ ಇಬ್ಬರ ನಡುವೆ ಒಂದು ಗುರುತು. ಫೋನ್ ಆರಿಸಬಾರದು. ದಿನಾ ಬೆಳಿಗ್ಗೆ ಏಳಕ್ಕೆ, ಕುರಿ ರೊಪ್ಪದಿಂದ ಹೊರಟ ಕೂಡಲೆ, ದುರುಗಕ್ಕ ಒಂದು ಮಿಸ್ ಕಾಲ್ ಕೊಡಬೇಕು. ಸೋಮವಾರ ಕರೆ ಬಂತು. ಮಂಗಳವಾರ, ಬುಧವಾರ. ಏಳಕ್ಕೆ ಹತ್ತು ನಿಮಿಷವಿರುವಾಗಲೇ ಜಯಶೀಲಾ ಫೋನನ್ನು ಅಡಿಗೆಕಟ್ಟೆಯ ಮೇಲೆ ನೆಟ್ಟಗೆ ಒರಗಿಸಿಟ್ಟು ನಿಲ್ಲುವಳು. ಏಕಾಂತಮ್ಮನೂ ಒಗ್ಗರಣೆ ನಿಲ್ಲಿಸಿ ಕಾಯುವಳು. ಒಮ್ಮೆ ಮಿಡಿದು ನಿಂತರೆ ಆ ದಿನ ಶುರುವಾಗುವುದು.

ಮರುಭಾನುವಾರ ಅರ್ಧ ಪುಟದ ತುಂಬ ದುರುಗಕ್ಕ. ಪುಸ್ತಕ ಬರೆದವರ ಜಾಗದಲ್ಲಿ ಕೋಲು ಹಿಡಿದು ನಿಂತಿದ್ದಳು. ಪರಮೇಶ್ ಆಡಿದ ಮಾತು ಆಡಿದಂತೆಯೇ ಇತ್ತು. ಚೌಕದೊಳಗೆ ಹೆಸರು ಹೇಳಿಕೊಟ್ಟ ಅತ್ತೆಗೆ ಸೊಸೆಯ ಶರಣು.

ಏಳಾಯಿತು. ಫೋನ್ ಮಿಡಿಯಲಿಲ್ಲ. ಏಳೂ ಹತ್ತು. ಜಯಶೀಲಾ ತಾನೇ ಮಾಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮೇಷ್ಟ್ರ ಫೋನ್ ಬಿಜಿ. ಏಳೂವರೆಗೆ ಸ್ಕೂಟರಿನ ಕೀಲಿ ಕೈಯಲ್ಲಿತ್ತು. ಏಕಾಂತಮ್ಮ ಇವತ್ತು ಯಾವುದು ಎಂದು ಕೇಳಲಿಲ್ಲ. ಚೀಲ ಮಾತ್ರ ತಂದು ಕೊಟ್ಟಳು.

ಆಗ ಫೋನ್ ಮಿಡಿಯಿತು. ಒಮ್ಮೆ. ಎರಡು ಸಲ. ನಿಲ್ಲಲಿಲ್ಲ.

“ಅಕ್ಕ?”

ಕುರಿಗಳ ಕೂಗು, ಗಾಳಿ, ಏದುಸಿರು. ಆಮೇಲೆ ದುರುಗಕ್ಕನ ದನಿ.

“ಅರವತ್ತೊಂದೇ ಅವೆ. ಮೂರು ಸಲ ಎಣಿಸ್ದೆ. ಆ ಚುಕ್ಕೆಕಿವಿದು ಇಲ್ಲ. ಹುಡುಕ್ತಿದ್ದೆ, ಅದಕ್ಕೇ ತಡ ಆತು.”

“ಸಿಗುತ್ತೆ ಅಕ್ಕ. ಎಲ್ಲೋ ಪೊದೇಲಿ...”

“ರೊಪ್ಪದ ಮುಳ್ಳುಬೇಲಿ ಯಾರೋ ಕಿತ್ತವ್ರೆ. ಸುಮ್ಮನೆ ಸಮಾಧಾನ ಹೇಳಬ್ಯಾಡ.” “ಕಾಳಕ್ಕನ ಮಗ ನಿನ್ನ ಪೇಪರ್ ಓದಿ ಹೇಳ್ದ. ಹಟ್ಟಿಯೋರೆಲ್ಲ ಕೇಳಿದ್ರು. ಈಗ ಹತ್ತು ಜನ ನನ್ನ ಜೊತೆ ಹುಡುಕ್ತಾ ಅವ್ರೆ. ಅಳತೆಯೋರು ಮಂಗಳವಾರ ತಾನೆ ಬರೋದು?”

“ಹೌದು.”

“ಬರ್ಲಿ. ನಾನು ಇಲ್ಲೇ ಇರ್ತೀನಿ. ನೀನು ಇದನ್ನೂ ಬರ್ಕೋ.”

ಜಯಶೀಲಾ ಕೆಂಪು ಪುಸ್ತಕ ತೆಗೆದಳು. ತಾರೀಕು ಹಾಕಿದಳು. ‘ಕಂಬಳಿ’ ಎಂದು ಬರೆದಿದ್ದನ್ನು ಹೊಡೆದು ಹಾಕಿ, ಪಕ್ಕದಲ್ಲಿ ದುರುಗಕ್ಕ ಎಂದು ಬರೆದಳು. ಅದರ ಕೆಳಗೆ: ಒಂದು ಕುರಿ, ಚುಕ್ಕೆಕಿವಿ. ಆಮೇಲೆ ಸ್ಕೂಟರಿನ ಬ್ರೇಕನ್ನು ಎರಡು ಸಲ ಒತ್ತಿ ನೋಡಿ, ಹೊಳಲ್ಕೆರೆ ರಸ್ತೆ ಹಿಡಿದಳು.