ಮೊದಲ ಗಡಿಯಾರದಿಂದ ಕೊನೆಯದರವರೆಗೆ

ಗಡಿಯಾರ ರಿಪೇರಿಯವನ ಕೈಹಿಡಿದು ಅವಳು ಬಂದಾಗ ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಸಂಸಾರ. ರಿಪೇರಿಗೆ ಬಂದ ಗಡಿಯಾರಗಳು ಅಲ್ಲೂ ಗೋಡೆ ತುಂಬ. ಒಂದು ಹೇಳಿದ ಹೊತ್ತನ್ನು ಇನ್ನೊಂದು ಒಪ್ಪುತ್ತಿರಲಿಲ್ಲ; ಮೊದಲು ಹೊಡೆಯುವುದಕ್ಕೂ ಕೊನೆಗೆ ಹೊಡೆಯುವುದಕ್ಕೂ ಕಾಲು ಗಂಟೆ ಅಂತರ. ಸಂಜೆ ಏಳಕ್ಕೆ ಗಂಡ, ಅತ್ತೆ, ಅವಳು ಚಾಪೆಯ ಮೇಲೆ ಮೊಣಕಾಲೂರಿ ಕುಟುಂಬ ಪ್ರಾರ್ಥನೆ ಮಾಡಬೇಕು. ಮಾವನ ಕಾಲದಿಂದ ತಪ್ಪದ ಕ್ರಮ ಅದು.

ಅತ್ತೆಯ ಪ್ರಾರ್ಥನೆ ಕೇಳಿದರೆ ಅವಳ ಜೀವ ಹಿಡಿಯಷ್ಟಾಗುತ್ತಿತ್ತು.

"ಕರ್ತನೇ, ಈ ಮನೇಲಿ ಒಬ್ಬಳಿಗೆ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಇನ್ನೂ ಗೊತ್ತಾಗಿಲ್ಲ. ನೀನೇ ತೋರಿಸಪ್ಪಾ. ಬಟ್ಟೆ ಒಗೆದ್ರೆ ಕೊಳೆ ಹೋಗ್ಬೇಕು ಅನ್ನೋ ಬುದ್ಧೀನೂ ಕೊಡು."

ದೇವರಿಗೆ ಹೇಳಿದ ಮಾತಿಗೆ ಎದುರಾಡುವುದು ಹೇಗೆ? ತನ್ನ ಮೇಲಿನ ದೂರಿಗೆ ತಾನೇ ಆಮೆನ್ ಅನ್ನುವುದಾದರೂ ಹೇಗೆ? ಅವಳು ತುಟಿ ಬಿಚ್ಚಲಿಲ್ಲ. ತವರಿನಲ್ಲಿ ಮನಬಿಚ್ಚಿ ಪ್ರಾರ್ಥಿಸುತ್ತಿದ್ದವಳಿಗೆ, ಇಲ್ಲಿ ದೇವರೂ ಅತ್ತೆಯ ಕಡೆಯವನೇ ಅನ್ನಿಸತೊಡಗಿತು. ತಿಂಗಳು ಕಳೆದ ಮೇಲೆ ಗಂಡನಿಗೆ ಹೇಳಿಯೇಬಿಟ್ಟಳು.

"ನಾಳೆಯಿಂದ ನಾನು ಪ್ರಾರ್ಥನೆಗೆ ಕೂರಲ್ಲ."

ಅವನು ಕಣ್ಣಿಗೆ ಸಿಕ್ಕಿಸಿದ್ದ ಮಸೂರ ತೆಗೆದಿಟ್ಟು ತಾಯಿಯನ್ನು ಕರೆದ.

"ಅಮ್ಮಾ, ದೇವರೇನು ಪೋಸ್ಟ್‌ಮ್ಯಾನಾ? ಎರಡು ಮಾರು ದೂರದಲ್ಲಿರೋಳಿಗೆ ಅಷ್ಟು ಮೇಲಿಂದ ಕಾಗದ ಹಾಕಿಸ್ತೀಯಲ್ಲ. ಮೊದಲನೇ ಗಡಿಯಾರ ಏಳು ಹೊಡೆದಾಗಿಂದ ಕೊನೇದು ಹೊಡೆಯೋವರೆಗೆ ಇಬ್ಬರೂ ಎದುರುಬದುರು ಕೂತು ಏನಿದ್ರೂ ಹೇಳ್ಕೊಳ್ಳಿ. ಪ್ರಾರ್ಥನೆ ಆಮೇಲೆ."

"ಹೆತ್ತವಳಿಗೇ ಪಾಠ" ಎಂದು ಅತ್ತೆ ಮುಖ ಊದಿಸಿಕೊಂಡರು. ಆದರೂ ಮರುದಿನ ಮೊದಲ ಗಡಿಯಾರ ಹೊಡೆದದ್ದೇ ಶುರುಮಾಡಿದರು.

"ಉಪ್ಪು ಕಮ್ಮಿ."

"ನನ್ನ ಕೈಯಳತೆ ಹಾಗೇ ಅತ್ತೆ. ಒಂದ್ಸಲ ಹಾಕಿ ತೋರಿಸಿ."

"ಕೇಳಿದ್ರೆ ತಾನೇ ತೋರಿಸೋದು?"

"ಕೇಳೋಕೆ ಹೆದರಿಕೆ."

"ನನ್ನ ಕಂಡ್ರೆ ಹೆದರಿಕೆನಾ?" ಅತ್ತೆಗೆ ಅದು ಹೊಳೆದೇ ಇರಲಿಲ್ಲ.

ಕೊನೆಯ ಗಡಿಯಾರ ಹೊಡೆಯಿತು. ಅತ್ತೆ ಪ್ರಾರ್ಥನೆಗೆ ಮೊಣಕಾಲೂರಿದರು. ಹೇಳಬೇಕಾದ್ದೆಲ್ಲ ಆಗಲೇ ಖಾಲಿಯಾಗಿತ್ತು. "ಕರ್ತನೇ, ಸ್ತೋತ್ರ" ಎಂದಷ್ಟೇ ಅಂದರು.

"ಆಮೆನ್" ಎಂದಳು ಸೊಸೆ. ಆ ಮನೆಯಲ್ಲಿ ಅದೇ ಅವಳ ಮೊದಲ ಆಮೆನ್.

ಆ ಕಾಲು ಗಂಟೆ ಮನೆಯ ಪದ್ಧತಿಯಾಗಿ ಮಕ್ಕಳ ಕಾಲಕ್ಕೂ ಉಳಿಯಿತು. ದೂರು ಬೇಗ ಮುಗಿದ ದಿನ ಹರಟೆ ನಡೆಯುತ್ತಿತ್ತು: ಅವಳ ತವರಿನ ಸುದ್ದಿ, ತೀರಿಹೋದ ಮಾವನ ಚೇಷ್ಟೆಗಳು. ಈಗ ತಾನೂ ಅಜ್ಜಿಯಾಗಿರುವ ಅವಳಿಗೆ ಒಂದು ಸಂಜೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಎಲ್ಲಕ್ಕಿಂತ ಹಿಂದೆ ಬೀಳುತ್ತಿದ್ದ ಗಡಿಯಾರವನ್ನು ಸರಿಮಾಡಲು ಗಂಡ ಗೋಡೆಯಿಂದ ಇಳಿಸುತ್ತಿದ್ದ.

"ಅದನ್ನ ಈ ವಾರ ಮುಟ್ಬೇಡ ಕಣೋ," ಅತ್ತೆ ಅಂದಿದ್ದರು. "ನಮ್ಮ ಮಾತು ಇನ್ನೂ ಮುಗಿದಿಲ್ಲ."